ಅರ್ಧ ನಿಮಿಷ ಹಿಂದಿದ್ದ ಟೀವಿ

"ಆ ಷೆರಿಫ್‌ನ ಕುದುರೆ ಮೊದಲಿಂದ ಕೊನೇವರೆಗೂ ಒಂದೇ ಅಂತೀಯಾ? ಹಣೆ ಮೇಲಿನ ಬಿಳಿ ಚುಕ್ಕೆ ನೋಡಿಲ್ವಾ ನೀನು?" ಎಂದು ಡೊರೀನ್ ಫೋನಿನಲ್ಲಿ ಮೂರನೇ ಸಲ ಕೇಳಿದಳು.

ಕ್ಲೀವ್‌ಲ್ಯಾಂಡಿನ ತನ್ನ ಮನೆಯ ಜಗಲಿಯಲ್ಲಿ ರೇಡಿಯೊ ಪಕ್ಕ ಕೂತಿದ್ದ ವರ್ನನ್ ಮೂರನೇ ಸಲವೂ ಅದೇ ಉತ್ತರ ಕೊಟ್ಟ. ಹಳೇ ಟೀವಿ ಧಾರಾವಾಹಿಯ ಆ ಹಾಳು ಕುದುರೆ ಅವನಿಗೆ ಬೇಕಾಗಿರಲಿಲ್ಲ. ಆದರೆ ಮಾತು ಬದಲಿಸುವ ಹಾಗಿರಲಿಲ್ಲ. ಊರ ಬೇಸ್‌ಬಾಲ್ ತಂಡದ ಪಿಚರ್ ಮಲೋಯ್ ಒಂಬತ್ತರಲ್ಲಿ ಎಂಟು ಇನ್ನಿಂಗ್ಸ್ ಚೆಂಡೆಸೆದು ಮುಗಿಸಿದ್ದ. ಎದುರಾಳಿಗಳಿಗೆ ಒಂದೇ ಒಂದು ಹಿಟ್, ಅಂದರೆ ಚೆಂಡು ಹೊಡೆದು ಔಟಾಗದೆ ಉಳಿಯುವಂಥ ಹೊಡೆತ, ದಕ್ಕಿರಲಿಲ್ಲ. ಒಂಬತ್ತನೆಯದೂ ಹಾಗೇ ಮುಗಿದರೆ ಅದು ಪಿಚರ್‌ಗೆ ಜನ್ಮಕ್ಕೊಮ್ಮೆ ಸಿಗುವ ಭಾಗ್ಯ. ಅಂಥ ಹೊತ್ತಿನಲ್ಲಿ ಅದರ ಸುದ್ದಿ ಎತ್ತಬಾರದು, ಕೂತ ಕುರ್ಚಿ ಬಿಟ್ಟೇಳಬಾರದು, ಆಡುತ್ತಿದ್ದ ಮಾತು ಬಿಟ್ಟು ಬೇರೆ ಆಡಬಾರದು; ಆಡಿದರೆ ಭಾಗ್ಯ ಕೈತಪ್ಪುತ್ತದೆಂಬ ನಂಬಿಕೆ. ಆಡಿದವನಿಗೆ ಊರೆಲ್ಲ ಶಾಪ ಹಾಕುತ್ತದೆ. ಪಂದ್ಯಕ್ಕೆ ಬಿಸಿ ಏರಿದಾಗ ಇವರಿಬ್ಬರೂ ಕುದುರೆಯ ಮೇಲಿದ್ದರು, ಇನ್ನು ಇಳಿಯುವಂತಿರಲಿಲ್ಲ.

ಅವನ ಗಂಟಲಲ್ಲಿ ಬೇರೆಯೇ ಮಾತಿತ್ತು. ಎರಡು ಮನೆ ಆಚೆಗಿದ್ದ ಡೊರೀನ್ ಹೋದ ಚಳಿಗಾಲದಲ್ಲಿ ದೂರದ ಟೂಸಾನ್ ಊರಿನಲ್ಲಿರುವ ತಂಗಿಯ ಮನೆಗೆ ಹೋದವಳು ಅಲ್ಲೇ ಉಳಿದಿದ್ದಳು. ಇಲ್ಲಿನ ಮನೆಯ ಮಾರಾಟಕ್ಕೆ ನಾಳೆ ಸಹಿ. ಹಾಕಿಬಿಟ್ಟರೆ ಮತ್ತೆ ಬರುವ ಮಾತಿಲ್ಲ. ಹೆಂಡತಿ ತೀರಿದ ಮೇಲೆ ವರ್ನನ್‌ಗೆ ಬೇಸಿಗೆ ಎಂದರೆ ಈ ಡೊರೀನ್: ಮೈದಾನದಲ್ಲಿ ಪಕ್ಕದ ಸೀಟಿನಲ್ಲಿ ಕೂತು ಕಡಲೆಕಾಯಿ ಸಿಪ್ಪೆಯನ್ನು ಅವನ ಬೂಟಿನ ಮೇಲೆ ಉದುರಿಸುತ್ತ, ಈ ಆಟಗಾರನ ಮೀಸೆ, ಆ ನಟಿಯ ನಾಲ್ಕನೇ ಗಂಡ, ಬ್ಯಾಟ್ ಹಿಡಿದು ಬರುವುದಕ್ಕೂ ಇವರಿಗೊಂದು ಹಾಡು ಬೇಕೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಹರಟುವವಳು. ಹರಟೆ ಫೋನಿನಲ್ಲಿ ಈಗಲೂ ಬರುತ್ತಿತ್ತು. ಸಿಪ್ಪೆ ಬರುತ್ತಿರಲಿಲ್ಲ. ಅವನಿಗೆ ಆ ಸಿಪ್ಪೆಯೂ ಬೇಕಾಗಿತ್ತು.

ಪಂದ್ಯದ ಆರಂಭದಲ್ಲೇ ಹೇಳೋಣವೆಂದರೆ ಧೈರ್ಯ ಬರಲಿಲ್ಲ. ಆಮೇಲೆ ಮಲೋಯ್ ಬಾಯಿ ಕಟ್ಟಿಹಾಕಿದ. ಮುಗಿದ ಮೇಲೆ ಹೇಳೋಣವೆಂದರೆ, ಮುಗಿದ ಕೂಡಲೇ ತಂಗಿಯ ಜೊತೆ ಊಟಕ್ಕೆ ಹೊರಡಬೇಕೆಂದು ಅವಳು ಆಗಲೇ ಹೇಳಿದ್ದಳು.

ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್. ಇನ್ನೊಬ್ಬ ಔಟಾದರೆ ಸಾಕು.

"ಡೊರೀನ್," ಎಂದ ವರ್ನನ್. "ಮನೆ ಮಾರಬೇಡ. ಬಂದ್ಬಿಡು. ನೀನಿಲ್ದೆ ನನ್ ಕೈಲಿ ಆಗ್ತಿಲ್ಲ."

ಅವನ ಮಾತು ಮುಗಿಯುವುದಕ್ಕೂ ರೇಡಿಯೊದಲ್ಲಿ ಟಪ್ಪೆಂದು ಬ್ಯಾಟು ಸದ್ದು ಮಾಡುವುದಕ್ಕೂ ಸರಿಹೋಯಿತು. ಚೆಂಡು ಬಲಗಡೆಯ ಹುಲ್ಲಿನ ಮೇಲೆ ಬಿತ್ತು. ಹಿಟ್. ಮೈದಾನವೆಲ್ಲ ಅಯ್ಯೋ ಎಂದಿತು, ಪಕ್ಕದ ಮನೆಯವರೂ ಎಂದರು.

ಅದೇ ಪಂದ್ಯ ತೋರಿಸುತ್ತಿದ್ದ ಡೊರೀನಳ ಟೀವಿ ಅವನ ರೇಡಿಯೊಗಿಂತ ಯಾವಾಗಲೂ ಅರ್ಧ ನಿಮಿಷ ಹಿಂದೆ. ಟೂಸಾನಿನಲ್ಲಿ ಮಲೋಯ್ ಆ ಚೆಂಡನ್ನು ಇನ್ನೂ ಎಸೆದಿರಲಿಲ್ಲ.

"ಬಾಯ್ಮುಚ್ಚು ಮಾರಾಯ," ಎಂದು ಅವಳು ಪಿಸುಗುಟ್ಟಿದಳು. "ಕುದುರೆ. ಕುದುರೆ ವಿಷಯ ಮಾತಾಡು."

ವರ್ನನ್ ಕುದುರೆಯ ವಿಷಯ ಮಾತಾಡಿದ. ಹೌದು, ಚುಕ್ಕೆ ಬೇರೆ ಬೇರೆ ಇತ್ತು, ಎರಡು ಕುದುರೆ ಇದ್ದಿರಬೇಕು, ನೀನೇ ಸರಿ ಎಂದ. ಚೆಂಡು ಬಿದ್ದಾಯಿತೆಂದು ಅವಳಿಗೆ ಹೇಳಲು ಅವನಿಗೆ ಮನಸ್ಸಾಗಲಿಲ್ಲ.

ಆಮೇಲೆ ಫೋನಿನೊಳಗಿಂದ ಅದೇ ಅಯ್ಯೋ ಸಣ್ಣಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವಳ ಟೀವಿಯ ಸದ್ದು ನಿಂತಿತು.

"ನಿನ್ ಬಾಯಿಗೆ ಮಣ್ಣು ಹಾಕ," ಎಂದಳು. ಮತ್ತೆ, ಮೆಲ್ಲಗೆ: "ಹೂಂ. ಈಗ ಇನ್ನೊಂದ್ಸಲ ಹೇಳು."

ವರ್ನನ್ ಕೈಚಾಚಿ ರೇಡಿಯೊ ಆರಿಸಿದ.