ಮನೆಯೊಳಗಿನ ಸಾಮಾನಿಗೆ ವಿಮೆ

ಮೇಲಿನ ಮನೆಯ ಪೈಪು ಒಡೆದು ಟಿವಿಯ ಮೇಲೆ ನೀರು ಸುರಿದ ಮೇಲೆ, ಫ್ಲ್ಯಾಟಿಗೆ ವಿಮೆ ಮಾಡಿಸಲೇಬೇಕೆಂದು ಸುಧಾಕರ ಹಟ ಹಿಡಿದ. ಅವನಿಗೆ ಕುಮಟಾದ ಭೂಮಾಪನ ಕಚೇರಿಯಲ್ಲಿ ಕೆಲಸ. ಯಾವುದೇ ವಿಷಯ ಕಾಗದದ ಮೇಲೆ ಬರದಿದ್ದರೆ ಊಟ ಸೇರುತ್ತಿರಲಿಲ್ಲ.

ಹೊನ್ನಾವರದ ಏಜೆಂಟ್ ಮಧುಸೂದನ ಬಂದು ವಿವರಿಸಿದ. "ಕಟ್ಟಡಕ್ಕೆ ಒಂದು, ಒಳಗಿನ ಸಾಮಾನಿಗೆ ಒಂದು. ಎರಡೂ ಬೇಕಾದ್ರೆ ಸಾಮಾನಿನ ಪಟ್ಟಿ ಮಾಡಿಡಿ ಸರ್. ಭಾನುವಾರ ಬಂದು ಫೋಟೋ ತೆಗೀತೇನೆ."

"ಎರಡೂ ಇರ್ಲಿ," ಎಂದ ಸುಧಾಕರ.

ಶನಿವಾರ ಸಂಜೆ ಪಟ್ಟಿ ಬರೆಯಲು ಕೂತರೆ ಗ್ರೈಂಡರೇ ಕಾಣಲಿಲ್ಲ.

"ಕೆಳಗೆ ನಾಗಕ್ಕನ ಮನೇಲಿ ಅದೆ. ಚೌತಿಗೆ ಒಯ್ದದ್ದು," ಎಂದಳು ಹೆಂಡತಿ ಮಾಲತಿ.

"ಯಾವ ಚೌತಿ?"

ಮಾಲತಿ ಬೆರಳು ಮಡಚಿ ವರ್ಷ ಎಣಿಸತೊಡಗಿದಳು. ಹೊಲಿಗೆ ಯಂತ್ರವೂ ನಾಗಕ್ಕನಲ್ಲೇ ಇತ್ತು. ಏಣಿ ಮೇಲಿನ ಮನೆಯ ಶಾಂತಾರಾಮನ ಬಳಿ.

"ಮನೇಲಿ ಇಲ್ಲದ ಸಾಮಾನಿಗೆ ಯಾರು ವಿಮೆ ಕೊಡ್ತಾರೆ ಮಾರಾಯ್ತಿ? ಬೆಳಿಗ್ಗೆ ಎಲ್ಲಾ ವಾಪಸ್ ತರುವ."

"ನೀವೇ ಕೇಳಿ. ನಂಗೆ ನಾಚ್ಕೆ ಆಗ್ತದೆ."

ಭಾನುವಾರ ಬೆಳಿಗ್ಗೆ ಹೋಗಿ ಕೇಳಿದರೆ ನಾಗಕ್ಕ ಬೇಸರಿಸಿಕೊಳ್ಳಲಿಲ್ಲ. ಹೊಲಿಗೆ ಯಂತ್ರ ಕೊಟ್ಟು ಕಳಿಸಿ, ಗ್ರೈಂಡರನ್ನು ಒಂದು ಬದಿಯಲ್ಲಿ ತಾನೇ ಹಿಡಿದು ಮೇಲೆ ತಂದಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಸುತ್ತ ನೋಡಿದಳು. "ಪಟ್ಟಿ ಮಾಡೂದಾದ್ರೆ ಸರಿಯಾಗೇ ಮಾಡುವ ತಮ್ಮಾ. ಆ ದಿವಾನ ನಮ್ದು. ನಿಮ್ಮ ಗೃಹಪ್ರವೇಶಕ್ಕೆ ಬಂದವ್ರಿಗೆ ಕೂರೂಕೆ ಕೊಟ್ಟದ್ದು."

ಆರು ವರ್ಷದಿಂದ ಸುಧಾಕರ ಅದರ ಮೇಲೆ ಒರಗಿಯೇ ಪೇಪರು ಓದುತ್ತಿದ್ದ. ಪಟ್ಟಿಯಲ್ಲಿ ಅದೇ ಮೊದಲನೆಯದು.

ಏಣಿ ತಂದ ಶಾಂತಾರಾಮ ತನ್ನ ನಾಲ್ಕು ಕುರ್ಚಿ, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರಗಳನ್ನು ಗುರುತು ಹಿಡಿದ. "ನಾ ಕೇಳ್ತಿರ್ಲಿಲ್ಲ. ನೀವೇ ಶುರು ಮಾಡಿದ್ರಲ್ಲ," ಎಂದು ಒಂದೊಂದಾಗಿ ಹೊತ್ತೊಯ್ದ. ದಿವಾನವೂ ಕೆಳಗಿಳಿಯಿತು.

ಹತ್ತಕ್ಕೆ ಮಧುಸೂದನ ಬಂದಾಗ ಕೂರಲು ಏಣಿಯ ಮೆಟ್ಟಿಲು ಬಿಟ್ಟರೆ ಬೇರೇನೂ ಇರಲಿಲ್ಲ. ಅದರ ಮೇಲೆಯೇ ಕೂತು ಫಾರಂ ಬಿಡಿಸಿದ. ಅಷ್ಟರಲ್ಲಿ ನೆನೆಸಿದ ಅಕ್ಕಿ, ಉದ್ದಿನ ಪಾತ್ರೆಗಳೊಂದಿಗೆ ನಾಗಕ್ಕ ಒಳಗೆ ಬಂದಳು. "ಗ್ರೈಂಡರ್ ಇಲ್ಲಿಗೆ ಬಂತಲ್ಲ ಮಾಲತಿ, ಇಲ್ಲೇ ಅರ್ಕೊಳ್ತೆ." ಹಿಂದೆಯೇ ಹರಿದ ಪ್ಯಾಂಟು ಹಿಡಿದು ಶಾಂತಾರಾಮ ಬಂದು ಹೊಲಿಗೆ ಯಂತ್ರದ ಮುಂದೆ ನಿಂತ.

ಮಧುಸೂದನ ಪೆನ್ನು ಎತ್ತಿ ಹಿಡಿದ. "ಸರ್, ಮನೇಲಿ ವ್ಯಾಪಾರ ಎಂತಾದ್ರೂ ನಡೀತದ್ಯಾ? ಹಿಟ್ಟು ಅರೆಯೂದು, ಟೇಲರಿಂಗ್... ಅದಕ್ಕೆ ಪಾಲಿಸಿ ಬೇರೆ."

"ಇಲ್ಲ!" ಎಂದು ಸುಧಾಕರ ಕೂಗಿದ. ಗ್ರೈಂಡರಿನ ಸದ್ದಿಗೆ ಅದು ಯಾರಿಗೂ ಕೇಳಲಿಲ್ಲ.

ಅವನು ನೆಲದ ಮೇಲೆ ಕೂತುಬಿಟ್ಟ. ಮಾಲತಿ ಪಟ್ಟಿ ಎತ್ತಿಕೊಂಡು ಪರಪರ ಗೆರೆ ಎಳೆದಳು. "ಗೋಡೆಗೆ, ಫ್ರಿಜ್ಜಿಗೆ, ವಾಷಿಂಗ್ ಮಶೀನಿಗೆ ಮಾಡಿಸಿ. ಸಾಕು. ಉಳಿದದ್ದು ಹೋದ್ರೆ ಯಾರ್ದು ಹೋತು ಅಂತ ಆಮೇಲೆ ನೋಡುವ."

ಸುಧಾಕರ ಸಹಿ ಹಾಕಿದ. ಅರೆಯುವುದು ಮುಗಿದ ಮೇಲೆ ಅವನೂ ಮಧುಸೂದನನೂ ಸೇರಿ ಗ್ರೈಂಡರನ್ನು ಮತ್ತೆ ಕೆಳಗೆ ಸಾಗಿಸಿದರು. ಮೆಟ್ಟಿಲ ತಿರುವಿನಲ್ಲಿ ಹಿಟ್ಟಿನ ಪಾತ್ರೆ ಹಿಡಿದ ನಾಗಕ್ಕ ಏಜೆಂಟನನ್ನು ತಡೆದಳು.

"ನಮ್ಮ ದಿವಾನ ಇವತ್ತೇ ವಾಪಸ್ ಅವ್ರ ಮನೆಗೆ ಹೋಗ್ತದೆ. ದಿವಾನ ನಮ್ದು, ಇರೂದು ಅವ್ರಲ್ಲಿ. ಅದಕ್ಕೆ ಎಂತ ಪಾಲಿಸಿ ಅದೆ?"

"ಮೊದ್ಲು ಇದನ್ನ ಇಳಿಸುವ ಅಕ್ಕ," ಎಂದ ಮಧುಸೂದನ ಏದುಸಿರು ಬಿಡುತ್ತ.