ಒಂದೇ ಕೈಯ ನಾಲ್ಕು ಖಾತೆ

ನನ್ನ ಹೆಸರು ವಾರಿಜಾ. ಪರೇಲಿನ ರಾತ್ರಿಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಹೋಟೆಲ್ ಕೆಲಸಗಾರರಿಗೆ ಕನ್ನಡ ಕಲಿಸಿದವಳು. ಅರವತ್ತೊಂಬತ್ತರ ವಯಸ್ಸಿನಲ್ಲಿ ಕಳ್ಳಿ ಅನ್ನಿಸಿಕೊಂಡೆ.

ಶಾಲೆ ಮುಚ್ಚಿ ಹದಿನೈದು ವರ್ಷವಾಯಿತು. ಹೆಸರಾದರೂ ಉಳಿಯಲೆಂದು, ಅಂತರ್ಜಾಲದಲ್ಲಿ ಎಲ್ಲರೂ ಸೇರಿ ಬರೆಯುವ ಒಂದು ಕನ್ನಡ ವಿಶ್ವಕೋಶದಲ್ಲಿ, ಅಂದರೆ ಜಾಲಕೋಶದಲ್ಲಿ, ಅದರ ಬಗ್ಗೆ ಲೇಖನ ಹಾಕಿದೆ. ಮಹತ್ವ ಸಾಲದು, ಅಳಿಸಬೇಕು ಎಂದು ಯಾರೋ ತಕರಾರು ತೆಗೆದರು. ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರು, ಅಂಧೇರಿಯ ಒಂದೇ ಹೋಟೆಲಿನವರು, ಉಳಿಸಿ ಎಂದು ಬರೆದರು. ನಾಲ್ವರೂ ಶುರುಮಾಡಿದ್ದು 'ಬರೆಯಲು ಕಾರಣವೇನೆಂದರೆ' ಎಂದೇ. ಊರಿಗೆ ಕಾಗದ ಬರೆಯಲು ನಾನು ಹಾಗೆ ಕಲಿಸಿದ್ದೆ. ಕಲಿತ ವಿದ್ಯೆ ಎಲ್ಲಿ ಹೋಗುತ್ತದೆ? ಬರೆದದ್ದು ಊಟದ ಗದ್ದಲ ಮುಗಿದ ಮೇಲಿನ ಬಿಡುವಿನಲ್ಲಿ, ಹೋಟೆಲಿನ ಒಂದೇ ವೈಫೈಯಿಂದ.

ಒಂದೇ ಒಕ್ಕಣೆ, ಒಂದೇ ವೈಫೈ ಕಂಡು ಜಾಲಕೋಶದ ನಿರ್ವಾಹಕ ತುಷಾರ್ ನಾಲ್ಕೂ ಖಾತೆಗಳಿಗೆ ಬೀಗ ಹಾಕಿದ. ಎಲ್ಲವೂ ನಾನು ತೆರೆದ ನಕಲಿ ಖಾತೆಗಳಂತೆ. ಒಪ್ಪಿಕೊಂಡರೆ ನನ್ನ ಖಾತೆಯೊಂದು ಉಳಿಯುತ್ತದೆ, ಇಲ್ಲದಿದ್ದರೆ ಅದೂ ಹೋಗುತ್ತದೆ, ಲೇಖನವೂ ಹೋಗುತ್ತದೆ ಎಂದು ಬರೆದ. ಮಾಡದ ತಪ್ಪಿಗೆ ಕೈ ಮುಗಿಯುವ ಜಾಯಮಾನ ನನ್ನದಲ್ಲ. ದಾದರಿನಲ್ಲಿ ಲೋಕಲ್ ರೈಲು ಹಿಡಿದು ಅಂಧೇರಿಗೆ ಹೋದೆ, ನಾಲ್ವರನ್ನೂ ಸಾಲಾಗಿ ಕೂರಿಸಿ ಅವನಿಗೆ ವಿಡಿಯೊ ಕಾಲ್ ಮಾಡಿದೆ.

ತುಷಾರ್ ಇನ್ನೂ ಹುಡುಗ; ನಾಲ್ವರನ್ನು ಕಂಡು ಅವನ ಮುಖ ಸಣ್ಣದಾಯಿತು. ಆದರೂ ಪಟ್ಟು ಬಿಡಲಿಲ್ಲ.

"ಜನ ನಾಲ್ಕು ಇರ್ಬಹುದು ಮೇಡಂ, ಮಾತು ನಿಮ್ದೊಂದೇ. ನೀವು ಹೇಳಿಕೊಟ್ಟದ್ದನ್ನ ಅವರು ಬರೆದ್ರೂ ನಮ್ಮ ರೂಲ್ಸ್ ಪ್ರಕಾರ ನಕಲಿನೇ."

ನಾನು ಬಾಯಿ ತೆರೆಯುವಷ್ಟರಲ್ಲಿ ನಾಲ್ವರಲ್ಲೊಬ್ಬ, ದೋಸೆ ಮಾಸ್ಟರ್ ಶೇಖರ, ಕೈ ಅಡ್ಡ ಹಿಡಿದ. ಮೂವತ್ತು ವರ್ಷದಲ್ಲಿ ನನ್ನೆದುರು ತಲೆ ಎತ್ತಿ ಮಾತಾಡಿದವನಲ್ಲ ಅವನು.

"ನೀವು ಈಗ ಮಾತಾಡುದು ಬೇಡ ಟೀಚರ್. ನಾನೇ ಬರೀತೇನೆ."

ಬೀಗ ಬಿದ್ದವರಿಗೂ ತಮ್ಮ ಚರ್ಚೆಪುಟದಲ್ಲಿ ಬರೆಯಲು ಅವಕಾಶವಿತ್ತು. ಶೇಖರ ತನ್ನ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿದ. ನಾವೆಲ್ಲ ಕಾದೆವು.

'ಬರೆಯಲು ಕಾರಣವೇನೆಂದರೆ, ವಾರಿಜಾ ಟೀಚರ್ ಒಮ್ಮೆ ನನ್ನ ಸುಟ್ಟ ಕೈಗೇ ಸ್ಕೇಲಿನಿಂದ ಹೊಡೆದರು. ದೋಸೆ ಕಾವಲಿ ತಾಗಿ ಸುಟ್ಟದ್ದೆಂದು ಹೇಳಲೂ ಬಿಡಲಿಲ್ಲ. ಎರಡು ವರ್ಷ ನಾನು ಶಾಲೆಗೆ ಹೋಗಲಿಲ್ಲ. ಆ ಸಿಟ್ಟು ಇನ್ನೂ ಉಂಟು. ಆದರೆ ನನ್ನ ತಾಯಿಗೆ ಮೊದಲ ಕಾಗದ ಬರೆದದ್ದು ಆ ಶಾಲೆಯ ಬೆಂಚಿನಲ್ಲಿ. ಆದ್ದರಿಂದ ಲೇಖನ ಅಳಿಸಬಾರದು.'

ನನಗೆ ಅದು ನೆನಪೇ ಇರಲಿಲ್ಲ. ಹೊಡೆದದ್ದಕ್ಕಿಂತ ಮರೆತದ್ದಕ್ಕೆ ಹೆಚ್ಚು ನಾಚಿಕೆಯಾಯಿತು. ಉಳಿದ ಮೂವರು ನೆಲ ನೋಡುತ್ತಿದ್ದರು. ಶೇಖರ ಮಾತ್ರ ನನ್ನನ್ನೇ ನೋಡುತ್ತಿದ್ದ. ಅವನ ಅಂಗೈಯಲ್ಲಿ ಆ ಕಲೆ ಈಗಲೂ ಇದೆಯೋ ಏನೋ, ಕೇಳುವ ಧೈರ್ಯ ಬರಲಿಲ್ಲ.

ಜಾಲಕೋಶದ ನಿಯಮದಂತೆ ಬದುಕಿರುವವರ ಮೇಲಿನ ಇಂಥ ಆರೋಪವನ್ನು ತೆಗೆದುಹಾಕಬಹುದು, ತೆಗೆಯಲೇ ಎಂದು ತುಷಾರ್ ಮೆಲ್ಲಗೆ ಕೇಳಿದ.

"ಒಂದಕ್ಷರ ಮುಟ್ಟಬೇಡ," ಅಂದೆ. "ಈಗ ಹೇಳು, ಇದನ್ನೂ ನಾನೇ ಬರೆಸಿದ್ದಾ?"

ಸಂಜೆಯ ಚಹಾದ ಹೊತ್ತಿಗೆ ತುಷಾರ್ ನಾಲ್ಕೂ ಬೀಗ ತೆಗೆದಿದ್ದ. ನಾಲ್ವರ ಮಾತೂ ಲೆಕ್ಕಕ್ಕೆ ಬಂತು, ಲೇಖನ ಉಳಿಯಿತು. ಶೇಖರ ಬರೆದದ್ದೂ ಹಾಗೇ ಇದೆ, ಯಾರು ಬೇಕಾದರೂ ಓದಲಿ.