ಕೆಂಪು ದಾರದ ಚೀಲ

ನಾನು ಒಂದು ಜರಡಿ. ಹಿಟ್ಟು ಸೋಸುವ ಜರಡಿಯಲ್ಲ, ರಸ್ತೆಯ ಅಡಿಪಾಯಕ್ಕೆ ಹಾಕುವ ಜಲ್ಲಿಕಲ್ಲನ್ನು ಅಳೆಯುವ ಜರಡಿ. ಹುಬ್ಬಳ್ಳಿ ಕಡೆಯ ಒಂದು ಶೆಡ್ಡಿನಲ್ಲಿ ಹುಟ್ಟಿದೆ. ತಗಡಿನ ಮೇಲೆ ಯಂತ್ರ ಧಡ್ ಧಡ್ ಎಂದು ಬಿದ್ದಾಗ ನನ್ನ ಕಣ್ಣುಗಳು ಒಂದೊಂದಾಗಿ ತೆರೆದವು. ಎಲ್ಲವೂ ಚೌಕ, ಎಲ್ಲವೂ ಒಂದೇ ಅಳತೆ. ನೀರು ಹಿಡಿಯಲಾರದ್ದು ಎಂದು ಜನ ನನ್ನ ಜಾತಿಯನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನ್ನ ಕಣ್ಣಿಗಿಂತ ದೊಡ್ಡ ಕಲ್ಲನ್ನು ನಾನು ಯಾರ ಮುಲಾಜಿಗೂ ಕೆಳಗೆ ಬಿಟ್ಟವನಲ್ಲ.

ಅಲ್ಲಿಂದ ನನ್ನನ್ನು ಇಳಕಲ್ಲಿನ ಆಚೆ ರಸ್ತೆ ಕೆಲಸ ನಡೆಯುವ ಜಾಗಕ್ಕೆ ತಂದರು. ತಗಡಿನ ಒಂದು ಕೋಣೆ, ತಕ್ಕಡಿ, ಒಲೆ, ನನ್ನ ಅಣ್ಣತಮ್ಮಂದಿರಂತಹ ಏಳು ಜರಡಿಗಳು. ಅದನ್ನೇ ಲ್ಯಾಬ್ ಎನ್ನುತ್ತಿದ್ದರು. ಅದರ ಯಜಮಾನ ದಾವಲಸಾಬ, ನಲವತ್ತು ದಾಟಿದ ಮೆತ್ತನೆಯ ಮನುಷ್ಯ. ಕಲ್ಲು ಸುರಿದು ನನ್ನನ್ನು ಅಲುಗಾಡಿಸುತ್ತಿದ್ದವಳು ಹುಲಿಗೆವ್ವ. ರಸ್ತೆ ಕೆಲಸಕ್ಕೆ ಬಂದವಳು, ಕೈ ಚುರುಕೆಂದು ದಾವಲಸಾಬನೇ ಒಳಗೆ ಕರೆದುಕೊಂಡಿದ್ದ. ನನ್ನನ್ನು ಅವಳು ಸಾಣಿಗಿ ಎನ್ನುತ್ತಿದ್ದಳು, ಮನೆಯ ಪಾತ್ರೆಯಂತೆ ತೊಳೆದಿಡುತ್ತಿದ್ದಳು.

ಲೆಕ್ಕ ಸುಲಭ. ಹತ್ತು ಕಿಲೋ ಖಡಿ, ಅಂದರೆ ಜಲ್ಲಿ, ಸುರಿದರೆ ಎರಡರಿಂದ ನಾಲ್ಕು ಕಿಲೋ ನನ್ನ ಮೇಲೆ ಉಳಿಯಬೇಕು. ದೊಡ್ಡ ಕಲ್ಲು ಭಾರ ಹೊರುತ್ತದೆ, ಸಣ್ಣದು ಅದರ ಸಂದು ತುಂಬುತ್ತದೆ, ಪುಡಿ ಎಲ್ಲವನ್ನೂ ಹಿಡಿದಿಡುತ್ತದೆ. ಬರೀ ಪುಡಿಯಾದರೆ ಮೊದಲ ಮಳೆಗೆ ಕೆಸರು. ಇದನ್ನು ಹುಲಿಗೆವ್ವನಿಗೆ ಕಲಿಸಲೆಂದು ದಾವಲಸಾಬ ಎರಡು ದಿನ ಕುಳಿತು, ಒಂದೊಂದು ಅಳತೆಯ ಕಲ್ಲನ್ನೂ ತೂಗಿ ಬೆರೆಸಿ, ತಪ್ಪೇ ಇಲ್ಲದ ಒಂದು ಚೀಲ ಖಡಿ ಮಾಡಿದ. ಬಾಯಿಗೆ ಕೆಂಪು ದಾರ ಕಟ್ಟಿದ. ಅವನ ಮುಖದಲ್ಲಿ ಅಂತಹ ಹೆಮ್ಮೆಯನ್ನು ನಾನು ಮತ್ತೆ ಕಾಣಲಿಲ್ಲ.

ಆ ಚೀಲವೇ ನಮಗೆ ಮುಳುವಾಯಿತು. ಕಲ್ಲು ಒಡೆಯುವ ಕ್ರಷರಿನಿಂದ ಬರುವ ಮಾಲು ಕೆಟ್ಟದಾಗತೊಡಗಿತ್ತು. ತಪಾಸಣೆಯ ಸಾಹೇಬರು ಬರುವ ದಿನ ಗುತ್ತಿಗೆದಾರರ ಮ್ಯಾನೇಜರ್ ಬಾಗಿಲಲ್ಲಿ ನಿಂತು, ಪರೀಕ್ಷೆ ಫೇಲಾದರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ನೀನು ಮನೆಗೆ ಹೋಗುತ್ತೀಯ ಎಂದ. ದಾವಲಸಾಬ ಕೆಂಪು ದಾರ ಬಿಚ್ಚಿದ. ಪರೀಕ್ಷೆ ಪಾಸಾಯಿತು. ಆಮೇಲೆ ಅದೇ ರೂಢಿಯಾಯಿತು. ಸಾಹೇಬರು ಬಂದಾಗಲೆಲ್ಲ ಆ ಚೀಲ ಹೊರಗೆ, ಹೋದ ಮೇಲೆ ಪೊರಕೆಯಿಂದ ಪುಡಿಯನ್ನೂ ಗುಡಿಸಿ ಮತ್ತೆ ಒಳಗೆ. ಕಲ್ಲುಗಳ ಅಂಚು ಸವೆದು ನುಣುಪಾದವು, ಬರೀ ಕಟ್ಟಡಗಳನ್ನು ಕಟ್ಟಿಸಿ ರಸ್ತೆಯ ಕೆಲಸ ಅರಿಯದ ಸಾಹೇಬರಿಗೆ ಅದು ಕಾಣಲಿಲ್ಲ.

ಅದರಲ್ಲಿ ಬಿಳಿ ಗೀರಿನ ಒಂದು ಕಲ್ಲಿತ್ತು. ಪ್ರತಿ ಸಲವೂ ಬಂದು ನನ್ನ ಒಂದು ಕಣ್ಣಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹುಲಿಗೆವ್ವ ಅದನ್ನು ಹೆಬ್ಬೆರಳಿನಿಂದ ಮೇಲಕ್ಕೆ ದೂಡುತ್ತಾ, "ಮತ್ತ ಬಂದ್ರೇನು ಬೀಗರ?" ಎನ್ನುತ್ತಿದ್ದಳು. ದಾವಲಸಾಬ ತಲೆ ತಗ್ಗಿಸಿ ನಗುತ್ತಿದ್ದ.

ಮಳೆಗಾಲಕ್ಕೆ ಮೊದಲು ರಸ್ತೆ ಹುಲಿಗೆವ್ವನ ಊರಿನ ಕೆರೆ ಏರಿಗೆ ತಲುಪಿತು. ಅಲ್ಲಿಗೆ ಹೋಗುವ ಮಾಲನ್ನು ಅವಳು ನನ್ನ ಮೇಲೆ ಸುರಿದು ಅಲುಗಾಡಿಸಿದಳು, ನಿಲ್ಲಿಸಿದಳು. ನನ್ನ ಮೇಲೆ ಉಳಿದದ್ದು ಎರಡು ಹಿಡಿ.

"ಅಣ್ಣಾ, ಇದರಾಗ ಬರೇ ಪುಡಿ ಐತಿ," ಎಂದಳು. "ಏರಿ ಮ್ಯಾಲೆ ನಾವು ದಿನಾ ಅಡ್ಡಾಡೋರು. ಇದು ತಡೀತೈತೇನು?"

ದಾವಲಸಾಬ ತಕ್ಕಡಿಯತ್ತ ತಿರುಗಿದ. "ಸಾಹೇಬ್ರು ಮಧ್ಯಾಹ್ನ ಬರ್ತಾರವ್ವ. ಮೂಲ್ಯಾಗಿನ ಚೀಲ ತಗಿ."

ಅವಳು ತೆಗೆದಳು. ಆ ದಿನವೂ ಬಿಳಿ ಗೀರಿನ ಕಲ್ಲು ಸಿಕ್ಕಿಕೊಂಡಿತು. ಅವಳು ಅದನ್ನು ಬಿಡಿಸಿ ಚೀಲಕ್ಕೆ ಎಸೆದಳು.

ಏರಿಯ ಮೇಲೆ ಡಾಂಬರು ಹೊಳೆಯಿತು. ಹೊರಗೆ ಥಳಕು, ಒಳಗೆ ಹುಳುಕು. ಶ್ರಾವಣದಲ್ಲಿ ಕೆರೆ ತುಂಬಿತು. ಒಂದು ಸಂಜೆ ಕೆಲಸ ಮುಗಿಸಿದ ಹೆಂಗಸರನ್ನು ಕೂರಿಸಿಕೊಂಡು ಟ್ರ್ಯಾಕ್ಟರ್ ಕೆರೆಯ ಏರಿಯನ್ನು ಹತ್ತಿದಾಗ ರಸ್ತೆಯ ಅಂಚು ಚಕ್ರದ ಕೆಳಗೇ ಕುಸಿಯಿತು. ಟ್ರೇಲರ್ ನೀರಿಗೆ ಮಗುಚಿತು. ಆರು ಮಂದಿಯನ್ನು ಎಳೆದು ಹಾಕಿದರು. ಹುಲಿಗೆವ್ವ ಟ್ರೇಲರಿನ ಅಡಿಯಲ್ಲಿದ್ದಳು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ಬೇರೆ, ಉಂಡವಳು ಬೇರೆ.

ನಾಲ್ಕನೆಯ ದಿನ ವಿಚಾರಣೆಯ ಅಧಿಕಾರಿ ಬಂದರು. ಕುಸಿದ ಜಾಗದಿಂದ ಅಗೆದ ಖಡಿ ಒದ್ದೆ ಚೀಲದಲ್ಲಿ ಬಂದು ಮೂಲೆ ಸೇರಿತು. ಅದರ ಪಕ್ಕದಲ್ಲೇ ಕೆಂಪು ದಾರದ ಚೀಲ. ಅಧಿಕಾರಿ ಬೆನ್ನು ಹಾಕಿ ಚಹಾ ಕುಡಿಯುತ್ತಿದ್ದರು. ಮ್ಯಾನೇಜರ್ ದಾವಲಸಾಬನನ್ನು ನೋಡಿ ಕಣ್ಣಲ್ಲೇ ಸನ್ನೆ ಮಾಡಿದ. ದಾವಲಸಾಬನ ಕೈ ಒದ್ದೆ ಚೀಲದ ಮೇಲೆ ಇತ್ತು. ಎಳೆ, ಅದನ್ನೇ ಎಳೆ ಎಂದು ನಾನು ಎಷ್ಟು ಬೇಡಿಕೊಂಡೆ! ಕಣ್ಣುಗಳು ನೂರಿದ್ದರೇನು, ನನಗೆ ಬಾಯಿಲ್ಲ. ಅವನ ಕೈ ಕೆಂಪು ದಾರದ ಚೀಲಕ್ಕೆ ಸರಿಯಿತು.

ಅವನೇ ನನ್ನನ್ನು ಅಲುಗಾಡಿಸಿದ. ಬಿಳಿ ಗೀರಿನ ಕಲ್ಲು ಬಂದು ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಅವನಿಗೆ ಮೂರು ಸಲ ಆಗಲಿಲ್ಲ, ನಾಲ್ಕನೆಯ ಸಲ ಬಂತು. ಮೂರೂಕಾಲು ಕಿಲೋ ನನ್ನ ಮೇಲೆ ಉಳಿಯಿತು. ಅಧಿಕಾರಿ ಮಾಲು ಸರಿ ಇದೆ ಎಂದು ಬರೆದರು. ತಪ್ಪು ಟ್ರ್ಯಾಕ್ಟರ್ ಚಾಲಕನದಾಯಿತು. ನನ್ನ ಮೇಲೆ ಸುರಿದ ಕಲ್ಲಿನ ಬಗ್ಗೆ ನಾನು ನಿಜವನ್ನೇ ಹೇಳಿದ್ದೆ. ಆ ನಿಜದಿಂದಲೇ ಅವಳು ಎರಡನೆಯ ಸಲ ಸತ್ತಳು.

ಮರುದಿನ ದಾವಲಸಾಬ ಕೆಲಸ ಬಿಟ್ಟ. ನನ್ನನ್ನೂ ಆ ಚೀಲವನ್ನೂ ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಏರಿಯ ಕೆಳಗಿನ ಸ್ಮಶಾನಕ್ಕೆ ಬಂದ. ಆ ಊರಲ್ಲಿ ಮಣ್ಣು ಮಾಡಿದ ಮೇಲೆ ನಾಯಿ ಕೆದರದಂತೆ ಮೇಲೆ ಕಲ್ಲು ಹೇರುತ್ತಾರೆ, ಬಂದವರೆಲ್ಲ ಒಂದೊಂದು ಹಾಕುತ್ತಾರೆ. ಅವನು ಚೀಲವನ್ನೇ ಅವಳ ತಲೆಯ ದಿಕ್ಕಿಗೆ ಸುರಿದ. ನನ್ನಲ್ಲಿ ಕೆರೆಯ ನೀರು ನಿಲ್ಲದು, ಬೊಗಸೆಯಲ್ಲೇ ತಂದು ಚಿಮುಕಿಸಿದ. ರೋಲರ್ ಇಲ್ಲದ್ದಕ್ಕೆ ಅಂಗೈಯಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿದ. ಕೊನೆಗೆ ಬಿಳಿ ಗೀರಿನ ಕಲ್ಲನ್ನು ಮೇಲೆ ಇಟ್ಟ.

"ಬೀಗರು ಬಂದಾರ ನೋಡವ್ವ," ಎಂದು ಅಲ್ಲೇ ಕುಳಿತು ಅತ್ತ.

ನನ್ನನ್ನು ಹುಲಿಗೆವ್ವನ ಅತ್ತೆ ಯಮನವ್ವನ ಅಂಗಳದಲ್ಲಿಟ್ಟು ಹೊರಟುಹೋದ. ಈಗ ನಾನು ಕೋಳಿಮರಿಗಳಿಗೆ ಮುಚ್ಚಳ. ಮೈ ತುಕ್ಕು ಹಿಡಿದಿದೆ, ಎರಡು ಕಣ್ಣು ಹರಿದು ಒಂದಾಗಿವೆ. ಮರಿಗಳು ಅದರಲ್ಲಿ ಕೊಕ್ಕು ತೂರಿಸುತ್ತವೆ.

ಮೊನ್ನೆ ಸ್ಮಶಾನದಿಂದ ಬಂದ ಯಮನವ್ವ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು. ಈ ಮಳೆಗೆ ಏರಿಯ ರಸ್ತೆ ಇನ್ನೆರಡು ಕಡೆ ಕುಸಿದಿದೆಯಂತೆ. ಸೊಸೆಯ ತಲೆಯ ಹತ್ತಿರದ ಒಂದು ಮೊಳ ನೆಲ ಮಾತ್ರ ಹಾಕಿದ ಹಾಗೇ ಇದೆಯಂತೆ.